ಮೈಯ ಗುಳ್ಳೆಯೂ ಬಾಯಿಯ ಹುಣ್ಣೂ: ಒಂದು ನಿದಾನ ವಿಚಾರ

ಕಿವಿಗೆ ಒಂದೇ ಎಂದು ತೋರುವ ಎರಡು ಶಬ್ದಗಳು ಕನ್ನಡದಲ್ಲಿವೆ. ಒಂದು ‘ನಿಧಾನ’, ಇನ್ನೊಂದು ‘ನಿದಾನ’. ಮಹಾಪ್ರಾಣದಿಂದ ಕೂಡಿದ ಮೊದಲನೆಯದಕ್ಕೆ ಸಾವಕಾಶವೆಂಬ ಅರ್ಥವು ಬಳಕೆಯಲ್ಲಿದೆ. ಅಲ್ಪಪ್ರಾಣದ ಎರಡನೆಯದಕ್ಕೆ ಮೂಲಕಾರಣ, ರೋಗದ ಗುರುತು ಹಿಡಿಯುವಿಕೆ ಎಂಬ ಅರ್ಥಗಳು ವೈದ್ಯಶಾಸ್ತ್ರದಲ್ಲಿ ರೂಢವಾಗಿವೆ. ಬರವಣಿಗೆಯಲ್ಲಿ ಇವು ಅದಲುಬದಲಾದರೆ ಕಾಗುಣಿತದ ತಪ್ಪು ಮಾತ್ರ ಆದೀತು. ಆದರೆ ಕೆಲವು ವ್ಯಾಧಿಗಳಲ್ಲಿ ನಿದಾನವೇ ನಿಧಾನವಾದರೆ ಪ್ರಾಣಕ್ಕೆ ಎರವಾದೀತು. ಮೈಮೇಲೆ ಗುಳ್ಳೆ ಅಥವಾ ದದ್ದುಗಳೂ, ಅದೇ ಕಾಲಕ್ಕೆ ಬಾಯಿ, ತುಟಿ, ಕಣ್ಣುಗಳಲ್ಲಿ ಹುಣ್ಣುಗಳೂ ಕಾಣಿಸಿಕೊಳ್ಳುವ ವ್ಯಾಧಿಗಳು ಈ ಬಗೆಯವು. ಅವುಗಳಲ್ಲಿ ಕೆಲವು ವಾರದೊಳಗೆ ತಾವಾಗಿಯೇ ಮಾಯುವಂಥವು. ಕೆಲವು ವರ್ಷಗಟ್ಟಲೆ ಕಾಡುವಂಥವು. ಒಂದೆರಡು ಮಾತ್ರ ದಿನಗಳ ಲೆಕ್ಕದಲ್ಲಿ ಮನುಷ್ಯನನ್ನು ಕೊಂಡೊಯ್ಯುವಂಥವು. ಇವುಗಳನ್ನು ಬೇರ್ಪಡಿಸಿ ತಿಳಿಯುವ ಕ್ರಮವೇನೆಂಬುದನ್ನು ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಅರ್ಥವಾಗುವಂತೆ ನಿರೂಪಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೆಣಸಿನಕಾಯಿಯ ಮೇಲಿನ ಅಪವಾದ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಒಬ್ಬರಿಗೆ ಬಾಯಿ ಹುಣ್ಣಾಗಿ ಮೈಮೇಲೆ ಗುಳ್ಳೆಯೆದ್ದರೆ ಮನೆಯ ಹಿರಿಯರ ಬಾಯಿಂದ ಬರುವ ಮಾತು ಮೂರರಲ್ಲಿ ಒಂದಾಗಿರುತ್ತದೆ: ‘ಉಷ್ಣ ಆಗೇತಿ’, ‘ಖಾರ ಹೆಚ್ಚಾಗೇತಿ’, ಇಲ್ಲವೆ ‘ಅಮ್ಮ ಬಂದಾಳ’. ಇವುಗಳಲ್ಲಿ ಖಾರದ ಮಾತನ್ನು ಮೊದಲು ವಿಚಾರಿಸುವುದು ಯುಕ್ತ. ಏಕೆಂದರೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದು ದೇಶದ ಹೊರಗೂ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಅದರ ತವರಿನಲ್ಲಿಯೇ ಈ ಅಪವಾದ ಹೊರಿಸಲಾಗುತ್ತಿದೆ.

ಬ್ಯಾಡಗಿ ಮೆಣಸಿನಕಾಯಿಯ ಹೆಗ್ಗಳಿಕೆ ಅದರ ಕಡುಗೆಂಪು ಬಣ್ಣ. ಖಾರದಲ್ಲಿ ಅದು ಸೌಮ್ಯವಾದುದು. ಮೆಣಸಿನಕಾಯಿಗೆ ಖಾರವನ್ನು ಕೊಡುವ ಕ್ಯಾಪ್ಸೈಸಿನ್ ಎಂಬ ದ್ರವ್ಯವು ಉರಿಯನ್ನು ತಿಳಿಸುವ ನರಗಳನ್ನು ಕೆರಳಿಸುತ್ತದೆ. ತೊಟ್ಟು ಬಿಡಿಸುವ ಕೆಲಸದ ಹೆಣ್ಣುಮಕ್ಕಳ ಬೆರಳು ಉರಿಯುವುದೂ, ಅದೇ ಕೈಯಿಂದ ಕಣ್ಣೊರೆಸಿಕೊಂಡಾಗ ಕಣ್ಣು ಕೆಂಪಾಗುವುದೂ ಇದರಿಂದಲೇ. ಆದರೆ ಈ ಉರಿಯು ತಗುಲಿದ ಕಡೆಗೆ ಮಾತ್ರ ಸೀಮಿತವಾಗಿದ್ದು, ಕೆಲವು ಹೊತ್ತಿನಲ್ಲಿ ಅಡಗುವುದು. ಊಟದ ಖಾರವು ಎದೆ ಬೆನ್ನುಗಳ ಮೇಲೆ ಗುಳ್ಳೆಯನ್ನು ಎಬ್ಬಿಸಲಾರದು. ಹಾಗಾದರೆ ಖಾರ ಉಂಡಾಗಲೇ ಬಾಯಿ ಉರಿಯುವುದೇಕೆ? ಒಳಗಿನ ಪೊರೆ ಮೊದಲೇ ಹರಿದಿರುವುದರಿಂದ ಉರಿಯುತ್ತದೆ. ಖಾರವು ಗಾಯವನ್ನು ಮಾಡಿದುದಲ್ಲ, ಗಾಯವಿದೆಯೆಂದು ಸಾರಿದುದು. ಸುದ್ದಿ ತಂದವನನ್ನೇ ಕಳ್ಳನೆಂದು ಹಿಡಿದು ಕೂಡಿಸಿದರೆ ನಿಜವಾದ ಕಳ್ಳನು ಹಿತ್ತಿಲ ಬಾಗಿಲಿನಿಂದ ಪಾರಾಗುವನು.

ಹೊರಚರ್ಮ ಮತ್ತು ಒಳಪೊರೆ

ಶರೀರದ ಹೊರಗನ್ನು ಚರ್ಮವು ಹೊದಿಸಿರುವಂತೆ ಬಾಯಿ, ಮೂಗು, ರೆಪ್ಪೆಯ ಒಳಬದಿ, ಗುಹ್ಯಭಾಗ ಇವುಗಳನ್ನು ತೇವವುಳ್ಳ ತೆಳುವಾದ ಲೋಳೆಪೊರೆಯು ಹೊದಿಸಿರುತ್ತದೆ. ಮನೆಯ ಹೊರಗೋಡೆ ಒಳಗೋಡೆಗಳು ಹೊಸ್ತಿಲಲ್ಲಿ ಕೂಡುವಂತೆ ಇವೆರಡೂ ತುಟಿಯಲ್ಲಿ, ರೆಪ್ಪೆಯ ಅಂಚಿನಲ್ಲಿ ಕೂಡುತ್ತವೆ. ಎರಡರ ಕಟ್ಟಡವೂ ಬಹುಮಟ್ಟಿಗೆ ಒಂದೇ ಬಗೆಯ ಕಣಗಳಿಂದ ಆದುದು. ಆದುದರಿಂದ ಆ ಕಣಗಳನ್ನೇ ಹಾಳುಮಾಡುವ ವ್ಯಾಧಿಯು ಎರಡೂ ಕಡೆ ಕಾಣಿಸಿಕೊಳ್ಳುವುದು ಸಹಜ. ಭೇದವಿಷ್ಟೇ: ಹೊರಚರ್ಮದ ಮೇಲೆ ಗಟ್ಟಿಯಾದ ಪದರವಿರುವುದರಿಂದ ನೀರುಗುಳ್ಳೆಯು ಕೆಲವು ಕಾಲ ನಿಲ್ಲಬಲ್ಲದು, ಬಾಯಿಯಲ್ಲಾದರೋ ಗುಳ್ಳೆ ಎದ್ದಷ್ಟೇ ಬೇಗ ಒಡೆದು ಹಸಿಗಾಯ ಮಾತ್ರ ಉಳಿಯುತ್ತದೆ. ‘ಬಾಯಿಯಲ್ಲಿ ಗುಳ್ಳೆಯೇ ಇರಲಿಲ್ಲ’ ಎಂದು ರೋಗಿ ಹೇಳಿದಾಗ ಇದನ್ನು ನೆನೆಯಬೇಕು.

ಐದು ಪ್ರಶ್ನೆಗಳು

ಮಾಧವಕರನ ‘ಮಾಧವನಿದಾನ’ವು ರೋಗವನ್ನು ಅರಿಯುವುದಕ್ಕೆ ಐದು ಸಾಧನಗಳನ್ನು ಹೇಳುತ್ತದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಈ ಐದನ್ನೂ ಸರಳವಾದ ಪ್ರಶ್ನೆಗಳಾಗಿ ಮಾಡಿಕೊಂಡರೆ ಇಂದಿನ ಚರ್ಮರೋಗ ತಜ್ಞರು ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಹತ್ತಿರವಾಗಿಯೇ ಇರುತ್ತವೆ.

ಮೊದಲನೆಯದು ಕಾರಣ: ಕಳೆದ ಎರಡು ತಿಂಗಳಲ್ಲಿ ಹೊಸದಾಗಿ ಯಾವ ಔಷಧವನ್ನು ಸೇವಿಸಲಾಗಿದೆ? ಎರಡನೆಯದು ಮುನ್ಸೂಚನೆ: ಗುಳ್ಳೆಗೆ ಮುಂಚೆ ಜ್ವರ, ನೆಗಡಿ, ಗಂಟಲುನೋವು ಇದ್ದುವೆ? ಬಾಯಿಯಲ್ಲಿ ಮೊದಲೋ, ಮೈಮೇಲೆ ಮೊದಲೋ? ಮೂರನೆಯದು ರೂಪ: ಅದು ಚುಕ್ಕೆಯೋ, ನೀರುಗುಳ್ಳೆಯೋ, ಸುಲಿದ ಗಾಯವೋ? ಅಂಗೈ ಅಂಗಾಲಿನಲ್ಲಿ ಇದೆಯೋ, ಬಿಸಿಲು ಬೀಳುವ ಕಡೆ ಮಾತ್ರ ಇದೆಯೋ? ನಾಲ್ಕನೆಯದು ಹಿತಾಹಿತ: ಯಾವುದರಿಂದ ಶಮನ, ಯಾವುದರಿಂದ ಉಲ್ಬಣ? ಐದನೆಯದು ನಡೆ: ಎಷ್ಟು ದಿನಗಳಿಂದ ಇದೆ? ಹಬ್ಬುತ್ತಿದೆಯೋ, ಮಾಯುತ್ತಿದೆಯೋ? ಈ ಐದಕ್ಕೂ ಉತ್ತರವನ್ನು ಸಿದ್ಧಮಾಡಿಕೊಂಡು ಹೋದ ರೋಗಿಯು ವೈದ್ಯರ ಅರ್ಧ ಶ್ರಮವನ್ನು ಕಡಿಮೆ ಮಾಡುವನು.

ಜ್ವರದೊಡನೆ ಬರುವ ಮಕ್ಕಳ ಬೇನೆಗಳು

‘ಅಮ್ಮ ಬಂದಾಳ’ ಎಂಬ ಮಾತು ಹುಟ್ಟಿದುದು ಸಿಡುಬಿನ ಕಾಲದಲ್ಲಿ. ಆ ಮಹಾಮಾರಿಯಲ್ಲಿಯೂ ಬಾಯಿಯೊಳಗೆ ಹುಣ್ಣಾಗಿ ಅನಂತರ ಮುಖ, ಕೈಕಾಲುಗಳ ಮೇಲೆ ಗುಳ್ಳೆ ಮೂಡುತ್ತಿದ್ದುವು. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡುದು ೧೯೭೫ರಲ್ಲಿ. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ಆದರೂ ಆ ಮಾತು ಉಳಿದುಕೊಂಡು ಈಗ ಬೇರೆ ಬೇರೆ ಮೂರು ಬೇನೆಗಳಿಗೆ ಸಲ್ಲುತ್ತಿದೆ.

ಒಂದು, ದಡಾರ, ಈ ಭಾಗದಲ್ಲಿ ಇದನ್ನು ಗೊಬ್ಬರವೆಂದೂ ಕರೆಯುವರು. ಜ್ವರ, ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗುವುದು ಇವು ಮುಂಚೂಣಿಯ ಲಕ್ಷಣಗಳು. ಮೈಮೇಲೆ ದದ್ದು ಮೂಡುವುದಕ್ಕೆ ಒಂದೆರಡು ದಿನ ಮೊದಲೇ ದವಡೆಹಲ್ಲುಗಳಿಗೆ ಎದುರಾದ ಕೆನ್ನೆಯ ಒಳಭಾಗದಲ್ಲಿ, ಕೆಂಪು ನೆಲದ ಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಕಾಣುವುವು. ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕಾಪ್ಲಿಕ್ ೧೮೯೬ರಲ್ಲಿ ಇವುಗಳ ಮಹತ್ತ್ವವನ್ನು ತಿಳಿಸಿದುದರಿಂದ ಇವುಗಳಿಗೆ ಅವನ ಹೆಸರೇ ನಿಂತಿದೆ. ಬಳಿಕ ದದ್ದುಗಳು ಕಿವಿಯ ಹಿಂದಿನಿಂದ ತೊಡಗಿ ಮುಖ, ಎದೆ, ಕಾಲುಗಳಿಗೆ ಇಳಿಯುತ್ತವೆ. ಬಾಯಿಯನ್ನು ದೀಪ ಹಿಡಿದು ನೋಡಿದವರಿಗೆ ರೋಗವು ಇತರರಿಗಿಂತ ಮೊದಲೇ ತಿಳಿಯುವುದು. ಅಷ್ಟರಮಟ್ಟಿಗೆ ಪ್ರಸಾದನಿಲಯದ ಇತರ ಮಕ್ಕಳನ್ನು ಬೇರೆ ಇರಿಸುವುದಕ್ಕೂ ಅನುಕೂಲವಾಗುವುದು. ಈ ರೋಗಕ್ಕೆ ಲಸಿಕೆಯಿದೆ. ೨೦೧೭ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ೯ ತಿಂಗಳಿಂದ ೧೫ ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ಶಾಲೆಗಳಲ್ಲಿಯೇ ನಡೆಯಿತು. ರೋಗ ತಗುಲಿದ ಮಗುವಿಗೆ ವೈದ್ಯರು ಎ ಜೀವಸತ್ವವನ್ನು ಕೊಡುತ್ತಾರೆ. ಅದರಿಂದ ಕಣ್ಣಿಗೆ ರಕ್ಷೆ ದೊರೆಯುತ್ತದೆ.

ಎರಡು, ಸೀತಾಳ ಸಿಡುಬು. ಇದರಲ್ಲಿ ನೀರುಗುಳ್ಳೆಗಳು ಎದೆ ಬೆನ್ನುಗಳ ಮೇಲೆ ಹೆಚ್ಚಾಗಿದ್ದು, ಕೆಲವು ಹೊಸತು, ಕೆಲವು ಒಡೆದವು, ಕೆಲವು ಹಕ್ಕಳೆಗಟ್ಟಿದವು, ಹೀಗೆ ಎಲ್ಲ ಅವಸ್ಥೆಗಳೂ ಏಕಕಾಲದಲ್ಲಿ ತೋರುತ್ತವೆ. ಬಾಯಿಯ ಅಂಗಳದಲ್ಲಿಯೂ ಚಿಕ್ಕ ಹುಣ್ಣುಗಳಾಗುತ್ತವೆ. ಮಕ್ಕಳಲ್ಲಿ ಸಾಮಾನ್ಯವಾಗಿ ಸೌಮ್ಯ. ದೊಡ್ಡವರಲ್ಲಿ, ಗರ್ಭಿಣಿಯರಲ್ಲಿ ಉಪೇಕ್ಷೆ ಸಲ್ಲದು. ಈ ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಮೂರನೆಯದು, ಅಂಗೈ, ಅಂಗಾಲು, ಬಾಯಿ ಈ ಮೂರು ಸ್ಥಾನಗಳಲ್ಲಿ ಗುಳ್ಳೆಯೇಳುವ ಶಿಶುಗಳ ಬೇನೆ. ಐದು ವರ್ಷದೊಳಗಿನವರಲ್ಲಿ ಹೆಚ್ಚು. ಇದರ ಸುದ್ದಿ ಬಂದಾಗ ದನ ಸಾಕಿದ ಮನೆಗಳಲ್ಲಿ ಒಂದು ಭಯವುಂಟಾಗುತ್ತದೆ: ಕೊಟ್ಟಿಗೆಯ ಕಾಲುಬಾಯಿ ಬೇನೆಯೇ ಮಗುವಿಗೆ ಅಂಟಿತೇ ಎಂದು. ಹೆಸರಿನ ಸಾಮ್ಯದಿಂದ ಹುಟ್ಟಿದ ಭ್ರಮೆಯಿದು. ಎರಡರ ವೈರಾಣುಗಳೂ ಬೇರೆ ಬೇರೆ. ಮಕ್ಕಳ ಬೇನೆಯು ಮಕ್ಕಳಿಂದ ಮಕ್ಕಳಿಗೆ ಹರಡುವುದೇ ಹೊರತು ದನದಿಂದ ಬರುವುದಲ್ಲ. ಸಾಮಾನ್ಯವಾಗಿ ಒಂದು ವಾರ ಹತ್ತು ದಿನಗಳಲ್ಲಿ ಮಾಯುವುದು. ಬಾಯಿನೋವಿನಿಂದ ಮಗು ನೀರು ಕುಡಿಯದೆ ಬಾಡುವುದೇ ಮುಖ್ಯ ಅಪಾಯ. ಮಗು ಮಂಕಾಗಿ ಬೆಚ್ಚಿಬೀಳುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಔಷಧವೇ ವಿಷವಾದಾಗ

ಈ ಲೇಖನದ ಹೃದಯಭಾಗವಿದು. ೧೪ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯಕ್ಕಾಗಿಯೇ ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ರಚಿಸಿದನು. ಹಾವು ಚೇಳುಗಳ ವಿಷವು ಎಲ್ಲರಿಗೂ ವಿಷವೇ. ಆದರೆ ನೂರು ಜನರಿಗೆ ಅಮೃತಪ್ರಾಯವಾದ ಗುಳಿಗೆಯು ಯಾವನೋ ಒಬ್ಬನಿಗೆ ಮಾತ್ರ ವಿಷವಾಗುವ ವಿಚಿತ್ರವನ್ನು ಇತ್ತೀಚಿನ ವೈದ್ಯರು ಕಂಡಿದ್ದಾರೆ. ೧೯೨೨ರಲ್ಲಿ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಅಮೆರಿಕದ ವೈದ್ಯರು ಜ್ವರ, ಮೈಗುಳ್ಳೆ, ಬಾಯಿಹುಣ್ಣು, ತೀವ್ರವಾದ ಕಣ್ಣುಬೇನೆ ಇವು ಕೂಡಿದ್ದ ಇಬ್ಬರು ಬಾಲಕರ ವೃತ್ತಾಂತವನ್ನು ಪ್ರಕಟಿಸಿದರು. ಈ ವ್ಯಾಧಿಗೆ ಅವರಿಬ್ಬರ ಹೆಸರೇ ಬಂದಿತು. ೧೯೫೬ರಲ್ಲಿ ಲಯಲ್ ಎಂಬ ವೈದ್ಯನು ಇದರ ಘೋರತರ ರೂಪವನ್ನು, ಮೈಯ ಚರ್ಮವೆಲ್ಲ ಸುಟ್ಟಂತೆ ಕಳಚುವುದನ್ನು, ವರ್ಣಿಸಿದನು. ಕಳಚಿದ ಭಾಗ ಮೈಯ ನೂರಕ್ಕೆ ೧೦ಕ್ಕಿಂತ ಕಡಿಮೆಯಿದ್ದರೆ ಸ್ಟೀವನ್ಸ್-ಜಾನ್ಸನ್ ರೋಗವೆಂದೂ, ೩೦ನ್ನು ಮೀರಿದರೆ ಲಯಲ್ ರೋಗವೆಂದೂ, ನಡುವಣದನ್ನು ಎರಡರ ಕೂಡುರೂಪವೆಂದೂ ಎಣಿಸುವರು.

ಇದು ವಿರಳವಾದ ವ್ಯಾಧಿ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಕೆಲವೇ ಮಂದಿಗೆ ಬರುವಂಥದು. ದೊಡ್ಡವರಲ್ಲಿ ಇದಕ್ಕೆ ಬಹುಪಾಲು ಔಷಧಗಳೇ ಕಾರಣ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯ್ನ್, ಕಾರ್ಬಮಜೆಪೈನ್, ಫಿನೊಬಾರ್ಬಿಟೋನ್, ಲ್ಯಾಮೋಟ್ರಿಜಿನ್, ಸಲ್ಫಾ ವರ್ಗದ ಕೋಟ್ರೈಮಾಕ್ಸಜೋಲ್, ಕೀಲುಗಳ ಯೂರಿಕ್ ಆಮ್ಲದ ಬಾಧೆಗೆ ಕೊಡುವ ಅಲೊಪ್ಯುರಿನಾಲ್, ನೋವಿನ ಗುಳಿಗೆಗಳಲ್ಲಿ ಪೈರಾಕ್ಸಿಕಾಂ ಮುಂತಾದ ಕೆಲವು, ನೆವಿರಪೀನ್, ಇವು ಮುಖ್ಯವಾದವು. ಇವೆಲ್ಲ ಉಪಯುಕ್ತವಾದ ಔಷಧಗಳೇ ಎಂಬುದನ್ನು ಮರೆಯಲಾಗದು. ಭಯದಿಂದ ಮೂರ್ಛೆರೋಗದ ಗುಳಿಗೆಯನ್ನು ತಾನಾಗಿ ಬಿಟ್ಟವನಿಗೆ ಒಲೆಯ ಬಳಿಯಲ್ಲಿಯೋ ಬಾವಿಯ ಕಟ್ಟೆಯ ಮೇಲೆಯೋ ಮೂರ್ಛೆ ಬಂದರೆ ಗತಿಯೇನು? ಬೇಕಾದುದು ಭಯವಲ್ಲ, ಎಚ್ಚರ.

ಎಚ್ಚರವಿರಬೇಕಾದ ಕಾಲವೂ ಗೊತ್ತಾಗಿದೆ. ಗುಳಿಗೆ ಆರಂಭಿಸಿದ ನಾಲ್ಕನೆಯ ದಿನದಿಂದ ನಾಲ್ಕು ವಾರಗಳವರೆಗೆ, ಕೆಲವೊಮ್ಮೆ ಎಂಟು ವಾರಗಳವರೆಗೆ, ಈ ವಿಪರೀತವು ಸಂಭವಿಸಬಹುದು. ಇಲ್ಲಿಯೇ ನಿದಾನವು ದಾರಿ ತಪ್ಪುವುದು. ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ರೈತನಿಗೆ ಮೂರ್ಛೆಗಾಗಿ ಔಷಧ ಆರಂಭವಾಯಿತೆಂದು ಭಾವಿಸೋಣ. ಮೂರನೆಯ ವಾರದಲ್ಲಿ ಜ್ವರ, ಗಂಟಲುನೋವು, ಕಣ್ಣುರಿ ಬಂದುವು. ಆತನು ಇದನ್ನು ಫ್ಲೂ ಜ್ವರವೆಂದು ತಿಳಿದು ಅಂಗಡಿಯಿಂದ ಇನ್ನೆರಡು ಗುಳಿಗೆ ತಂದು ನುಂಗುವನು. ಹಳೆಯ ಗುಳಿಗೆಯೂ ತಪ್ಪದೆ ನಡೆದಿರುತ್ತದೆ. ಎರಡು ದಿನಕ್ಕೆ ತುಟಿ ಒಡೆದು ರಕ್ತ ಹೆಪ್ಪುಗಟ್ಟುವುದು, ಬಾಯಿ ಹುಣ್ಣಾಗುವುದು. ಎದೆಯ ಮೇಲೆ ಕಪ್ಪುಗೆಂಪು ಕಲೆಗಳು ಮೂಡುವುವು; ಮುಟ್ಟಿದರೆ ನೋವು. ಮನೆಯವರು ಅಮ್ಮನೆಂದು ಬೇವಿನೆಲೆ ಕಟ್ಟುವರು. ಗುಳಿಗೆ ಆರಂಭಿಸಿ ಇಷ್ಟು ದಿನಗಳಾದ ಮೇಲೆ ಬಂದುದರಿಂದ ಯಾರಿಗೂ ಅದರ ಮೇಲೆ ಸಂಶಯ ಹುಟ್ಟುವುದಿಲ್ಲ. ಹೀಗೆ ನುಂಗಿದ ಒಂದೊಂದು ಗುಳಿಗೆಯೂ ಬೆಂಕಿಗೆ ಇಟ್ಟ ಒಂದೊಂದು ಸೌದೆ.

ಈ ವ್ಯಾಧಿಯನ್ನು ಬೇರ್ಪಡಿಸುವ ಗುರುತುಗಳು ನಾಲ್ಕು. ಮೊದಲನೆಯದಾಗಿ, ತುರಿಕೆಗಿಂತ ನೋವು ಹೆಚ್ಚು. ಎರಡನೆಯದಾಗಿ, ಬಾಯಿ ಮಾತ್ರವಲ್ಲದೆ ಕಣ್ಣು, ಮೂತ್ರದ್ವಾರ ಮೊದಲಾದ ಎರಡು ಮೂರು ಕಡೆಗಳ ಒಳಪೊರೆಗೆ ಬಾಧೆ. ಮೂರನೆಯದಾಗಿ, ದಿನದಿಂದ ದಿನಕ್ಕೆ, ಕೆಲವೊಮ್ಮೆ ಹೊತ್ತಿನಿಂದ ಹೊತ್ತಿಗೆ ಹಬ್ಬುವುದು. ನಾಲ್ಕನೆಯದಾಗಿ, ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ಸರಿಸಿದರೆ ಬೆಂದ ಬದನೆಕಾಯಿಯ ಸಿಪ್ಪೆಯಂತೆ ಜಾರುವುದು. ಈ ಕೊನೆಯ ಪರೀಕ್ಷೆ ವೈದ್ಯರದು, ಮನೆಯವರು ಮಾಡತಕ್ಕುದಲ್ಲ. ಇದನ್ನು ಹೋಲುವ ಇನ್ನೊಂದು ಬೇನೆಯುಂಟು. ತುಟಿಯ ಮೇಲೆ ಜ್ವರದ ಗುಳ್ಳೆಯೆದ್ದ ಕೆಲವು ದಿನಗಳಿಗೆ ಕೈಕಾಲುಗಳಲ್ಲಿ ಬಳೆಯೊಳಗೆ ಬಳೆಯಿಟ್ಟಂತೆ ವರ್ತುಲಗಳು ಮೂಡಿ ಬಾಯಿಯಲ್ಲಿ ಹುಣ್ಣಾಗುವುದು. ಇದು ಬಹುಮಟ್ಟಿಗೆ ಒಂದು ವೈರಾಣುವಿನ ಪರಿಣಾಮ. ಚರ್ಮ ಕಳಚುವುದು ಕಡಿಮೆ, ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮಾಯುವುದು.

ಒಬ್ಬನಿಗೇ ಹೀಗಾಗುವುದೇಕೆ ಎಂಬುದಕ್ಕೂ ಸ್ವಲ್ಪಮಟ್ಟಿನ ಉತ್ತರ ದೊರೆತಿದೆ. ಕಾರ್ಬಮಜೆಪೈನಿನಿಂದ ಈ ವ್ಯಾಧಿಗೆ ಗುರಿಯಾದವರಲ್ಲಿ ಹುಟ್ಟಿನಿಂದಲೇ ಬಂದ ಒಂದು ವಿಶೇಷ ರಕ್ತಗುಣವಿರುವುದನ್ನು ೨೦೦೪ರಲ್ಲಿ ತೈವಾನಿನ ಸಂಶೋಧಕರು ಕಂಡುಹಿಡಿದರು. ಭಾರತದ ಕೆಲವು ರೋಗಿಗಳಲ್ಲಿಯೂ ಅದು ಕಂಡಿದೆ. ಆದುದರಿಂದ ಒಮ್ಮೆ ಈ ವ್ಯಾಧಿಯಿಂದ ಪಾರಾದವನು ಆ ಔಷಧವನ್ನು ಆಯುಷ್ಯದಲ್ಲಿ ಮತ್ತೆ ಮುಟ್ಟಬಾರದು. ಫೆನಿಟಾಯ್ನ್, ಕಾರ್ಬಮಜೆಪೈನ್, ಫಿನೊಬಾರ್ಬಿಟೋನ್ ಒಂದೇ ಬಗೆಯ ರಚನೆಯವಾದುದರಿಂದ ಒಂದಾಗದವನಿಗೆ ಇನ್ನೊಂದೂ ಆಗದಿರಬಹುದು.

ತಿಂಗಳುಗಟ್ಟಲೆ ನಿಲ್ಲುವ ಹುಣ್ಣುಗಳು

ಜ್ವರವಿಲ್ಲದೆ ತಿಂಗಳುಗಟ್ಟಲೆ ಮಾಯದ ಬಾಯಿಹುಣ್ಣು ಬೇರೆಯೇ ಗುಂಪಿನದು. ಇವುಗಳಲ್ಲಿ ಪೆಂಫಿಗಸ್ ಎಂಬುದು ಪ್ರಬಲವಾದುದು. ಶರೀರದ ರಕ್ಷಣಾಶಕ್ತಿಯು ದಾರಿತಪ್ಪಿ, ಚರ್ಮದ ಕಣಗಳನ್ನು ಗಾರೆಯಂತೆ ಅಂಟಿಸಿಟ್ಟ ದ್ರವ್ಯವನ್ನೇ ಶತ್ರುವೆಂದು ಬಗೆದು ಕೆಡಹುತ್ತದೆ. ಗಾರೆ ಬಿಟ್ಟ ಗೋಡೆಯಂತೆ ಕಣಗಳು ಬೇರ್ಪಟ್ಟು ಸಡಿಲವಾದ ಗುಳ್ಳೆಗಳೇಳುತ್ತವೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಮೊದಲು ಕೆಡುವುದು ಬಾಯಿ. ಮೈಮೇಲೆ ಗುಳ್ಳೆ ತೋರುವುದಕ್ಕೆ ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಆ ಅವಧಿಯೆಲ್ಲ ‘ಉಷ್ಣ’ವೆಂದು ಮಜ್ಜಿಗೆ ಕುಡಿಯುವುದರಲ್ಲಿ ಕಳೆದುಹೋಗುವುದುಂಟು. ಸ್ಟಿರಾಯ್ಡ್ ಔಷಧಗಳು ಬರುವ ಮುನ್ನ ಇದು ಬಹುತೇಕ ಮಾರಕವಾಗಿತ್ತು. ೧೯೮೦ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಜೆ. ಎಸ್. ಪಸ್ರಿಚಾ ಅವರು ರೂಪಿಸಿದ, ಔಷಧವನ್ನು ನಿಯತ ಅಂತರಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನರಕ್ಕೆ ಕೊಡುವ ಕ್ರಮವು ಭಾರತದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು.

ಕೆನ್ನೆಯ ಒಳಗೆ ಬಿಳಿಯ ಬಲೆ ನೆಯ್ದಂತಹ ಗೆರೆಗಳೂ ಮುಂಗೈಯಲ್ಲಿ ತುರಿಕೆಯ ನೇರಳೆ ಬಣ್ಣದ ಚಪ್ಪಟೆ ಗಂಟುಗಳೂ ಇದ್ದರೆ ಅದು ಲೈಕೆನ್ ಪ್ಲೇನಸ್. ಎಲೆಯಡಿಕೆಯೊಡನೆ ತಂಬಾಕು ಜಗಿಯುವವರ ಬಾಯಿಯಲ್ಲಿ ಮೂಡುವ ಬಿಳಿಯ ಮಚ್ಚೆಯೂ ಹೀಗೆಯೇ ಕಾಣಬಹುದು. ಅದು ಅರ್ಬುದದ ಮುನ್ನುಡಿಯಾಗಬಹುದಾದುದರಿಂದ ತಜ್ಞರ ಕಣ್ಣಿಗೆ ಬೀಳಲೇಬೇಕು. ಮೂಗು ಕೆನ್ನೆಗಳ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಕೆಂಪು, ಬಿಸಿಲು ತಾಗಿದರೆ ಉಲ್ಬಣ, ಅಂಗುಳಲ್ಲಿ ನೋವಿಲ್ಲದ ಹುಣ್ಣು, ಕೀಲುನೋವು, ಕೂದಲುದುರುವಿಕೆ ಇವು ಕೂಡಿದರೆ, ಮುಖ್ಯವಾಗಿ ತರುಣಿಯರಲ್ಲಿ, ಲೂಪಸ್ ರೋಗವನ್ನು ಶಂಕಿಸಬೇಕು. ಅದು ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಇನ್ನು ೧೬ನೆಯ ಶತಮಾನದ ‘ಭಾವಪ್ರಕಾಶ’ದಲ್ಲಿ ಭಾವಮಿಶ್ರನು ಹೇಳಿದ ಫಿರಂಗರೋಗದಲ್ಲಿ ಅಂಗೈ ಅಂಗಾಲುಗಳಲ್ಲಿ ತುರಿಕೆಯಿಲ್ಲದ ಕಲೆಗಳೂ ಬಾಯಿಯಲ್ಲಿ ನೋವಿಲ್ಲದ ಬೂದುಬಣ್ಣದ ಗಾಯಗಳೂ ಆಗುತ್ತವೆ. ನಾಚಿಕೆಯಿಂದ ಮುಚ್ಚಿಡದಿದ್ದರೆ ರಕ್ತಪರೀಕ್ಷೆಯಿಂದ ತಿಳಿದು ಪೆನಿಸಿಲಿನ್‌ನಿಂದ ಗುಣವಾಗುವ ರೋಗವದು.

ಜೋಳದ ನಾಡಿನ ಒಂದು ಪಾಠ

ಆಹಾರದ ಕೊರತೆಯೂ ಚರ್ಮ ಬಾಯಿಗಳೆರಡನ್ನೂ ಕೆಡಿಸಬಲ್ಲುದೆಂಬುದಕ್ಕೆ ಪೆಲ್ಲಾಗ್ರ ನಿದರ್ಶನ. ೧೭೩೫ರಲ್ಲಿ ಸ್ಪೇನಿನ ಕಸಾಲ್ ಎಂಬ ವೈದ್ಯನು ಗೋವಿನಜೋಳವನ್ನೇ ಉಂಡು ಬದುಕುವ ಬಡವರಲ್ಲಿ ಇದನ್ನು ಗುರುತಿಸಿದನು. ಬಿಸಿಲು ಬೀಳುವ ಕೈ, ಪಾದ, ಕೊರಳುಗಳಲ್ಲಿ ಎಡಬಲಕ್ಕೆ ಸಮನಾಗಿ ಚರ್ಮ ಕಪ್ಪಾಗಿ ಬಿರಿಯುವುದು. ಕೊರಳಿನದು ಹಾರದಂತೆ ಕಾಣುವುದು. ನಾಲಿಗೆ ಸುಲಿದು ಕೆಂಪಾಗಿ ಉರಿಯುವುದು. ಭೇದಿಯೂ ಬುದ್ಧಿಭ್ರಮಣೆಯೂ ಹಿಂಬಾಲಿಸುವುವು. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಇದಕ್ಕೆ ಕಾರಣ. ದಖನ್ ಪ್ರಸ್ಥಭೂಮಿಯಲ್ಲಿ ಬಿಳಿಜೋಳವನ್ನೇ ಆಧರಿಸಿದ ಬಡವರಲ್ಲಿಯೂ ಇದು ಕಂಡುದರಿಂದ ಹೈದರಾಬಾದಿನ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ೧೯೬೦ರಲ್ಲಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶವು ಇದಕ್ಕೆ ಸಂಬಂಧಿಸಿದೆಯೆಂಬ ವಾದವನ್ನು ಮಂಡಿಸಿದರು. ಆ ವಾದದ ಬಗೆಗೆ ಬಳಿಕ ಚರ್ಚೆ ನಡೆದಿದೆ. ಜೋಳದ ರೊಟ್ಟಿಗೆ ಹೆದರಬೇಕೆಂದು ಇದರ ಅರ್ಥವಲ್ಲ. ಬೇಳೆ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರುಗಳ ಸಂಗಡ ಉಣ್ಣುವ ರೊಟ್ಟಿಯ ಊಟ ಪೂರ್ಣವಾದುದೇ. ಬರಿಯ ರೊಟ್ಟಿಯ ಬಡತನವೇ ಅಪರಾಧಿ. ಇಂದು ಈ ರೋಗವು ಹೆಚ್ಚಾಗಿ ಮದ್ಯಪಾನಿಗಳಲ್ಲಿಯೂ, ಕೆಲವೊಮ್ಮೆ ಕ್ಷಯಕ್ಕೆ ಐಸೊನಿಯಾಜಿಡ್ ಸೇವಿಸುವ ದುರ್ಬಲರಲ್ಲಿಯೂ ಕಾಣುತ್ತದೆ.

ಪರೀಕ್ಷೆ ಮತ್ತು ಮನೆಯವರ ಕರ್ತವ್ಯ

ವೈದ್ಯರು ಕಣ್ಣಿನಿಂದ ನೋಡಿ ಊಹಿಸಿದುದನ್ನು ಸ್ಥಿರಪಡಿಸಿಕೊಳ್ಳಲು ಗುಳ್ಳೆಯ ತಳವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವರು, ಕಾಳಿನಷ್ಟು ಚರ್ಮವನ್ನು ತೆಗೆದು ಪರೀಕ್ಷಿಸುವರು, ರಕ್ತಪರೀಕ್ಷೆ ಮಾಡಿಸುವರು. ಚರ್ಮದ ತುಣುಕನ್ನು ತೆಗೆಯುವುದರಿಂದ ರೋಗ ಹರಡುವುದೆಂಬ ನಂಬಿಕೆಗೆ ಆಧಾರವಿಲ್ಲ. ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ತಾನೇ ಜಿಲ್ಲಾಕೇಂದ್ರವಾದ ಮೇಲೆ ಜಿಲ್ಲಾಸ್ಪತ್ರೆಯು ಹತ್ತಿರವಾಯಿತು. ಚರ್ಮ ಕಳಚುವಂತಹ ಘೋರ ಸ್ಥಿತಿಯಲ್ಲಿ ಉತ್ತರಕ್ಕೆ ಹುಬ್ಬಳ್ಳಿಯ ಹಾಗೂ ದಕ್ಷಿಣಕ್ಕೆ ದಾವಣಗೆರೆಯ ವೈದ್ಯಕೀಯ ಕಾಲೇಜುಗಳ ದೊಡ್ಡ ಆಸ್ಪತ್ರೆಗಳು ಒಂದೇ ಹೆದ್ದಾರಿಯ ಮೇಲಿವೆ. ೧೦೮ರ ವಾಹನವೂ ಇದೆ. ಅಲ್ಲಿ ಸುಟ್ಟಗಾಯದ ರೋಗಿಯಂತೆಯೇ ಆರೈಕೆ ನಡೆಯುವುದು. ಕಣ್ಣಿನ ವೈದ್ಯರೂ ಮೊದಲ ದಿನದಿಂದಲೇ ನೋಡಬೇಕಾಗುವುದು; ಏಕೆಂದರೆ ಪ್ರಾಣ ಉಳಿದರೂ ದೃಷ್ಟಿ ಕಳೆದುಕೊಂಡವರುಂಟು.

ಮನೆಯವರು ಮಾಡಬೇಕಾದುದು ಸ್ವಲ್ಪವೇ. ಜ್ವರ, ಮೈಗುಳ್ಳೆ, ಬಾಯಿಹುಣ್ಣು, ಕಣ್ಣುಕೆಂಪು ಇವು ಕೂಡಿದಾಗ ಹೊಸದಾಗಿ ಆರಂಭಿಸಿದ ಗುಳಿಗೆಯ ಮುಂದಿನ ಸರದಿಯನ್ನು ನುಂಗದೆ ಅಂದೇ, ಮರುದಿನದ ಸಂತೆಗೋ ಅಮಾವಾಸ್ಯೆಗೋ ಕಾಯದೆ, ಆಸ್ಪತ್ರೆಗೆ ಹೋಗಬೇಕು. ಬದಲಿ ಔಷಧವನ್ನು ವೈದ್ಯರೇ ನಿರ್ಧರಿಸುವರು. ಸೇವಿಸಿದ ಎಲ್ಲ ಔಷಧಗಳ ಚೀಟಿ, ಖಾಲಿ ಹಾಳೆ, ನಾಟಿ ಪುಡಿ ಕಷಾಯಗಳನ್ನು ಸಹ ಜೊತೆಗೆ ಒಯ್ಯಬೇಕು. ಗಾಯದ ಮೇಲೆ ಸುಣ್ಣ, ಬೂದಿ, ಗಿಡದ ರಸಗಳನ್ನು ಹಚ್ಚಬಾರದು; ಗುಳ್ಳೆಯನ್ನು ಒಡೆಯಬಾರದು. ಇಂಥ ಔಷಧ ಆಗದೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹೊಲದ ಕಾಗದಪತ್ರಗಳಷ್ಟೇ ಜೋಪಾನವಾಗಿ ಇಟ್ಟುಕೊಂಡು, ಮುಂದೆ ಯಾವ ವೈದ್ಯರ ಬಳಿಗೆ ಹೋದರೂ ಮೊದಲು ಅದನ್ನೇ ತೋರಿಸಬೇಕು.

ಶಾಲೆಗೆ ಹೋಗುವ ಮಗುವಿರುವ ಮನೆಯಲ್ಲಿ ಔಷಧದ ಹಾಳೆಯ ಮೇಲಿನ ಹೆಸರನ್ನು ಓದಬಲ್ಲವರು ಒಬ್ಬರಾದರೂ ಇದ್ದಂತಾಯಿತು. ಅಜ್ಜನ ಗುಳಿಗೆಯ ಹೆಸರನ್ನೂ ಅದು ಆರಂಭವಾದ ದಿನಾಂಕವನ್ನೂ ಆ ಮಗುವು ಒಂದು ವಹಿಯಲ್ಲಿ ಬರೆದಿಟ್ಟರೆ, ಆ ಎರಡು ಸಾಲುಗಳು ಎಂದೋ ಒಂದು ರಾತ್ರಿ ಅಜ್ಜನ ಪ್ರಾಣವನ್ನು ಉಳಿಸಬಹುದು. ಅಕ್ಷರವಿದ್ಯೆಗೆ ಇದಕ್ಕಿಂತ ದೊಡ್ಡ ಸಾರ್ಥಕ್ಯ ಯಾವುದಿದೆ? ಔಷಧ ಕೊಳ್ಳುವಾಗ, ನುಂಗುವಾಗ ನಿಧಾನವಿರಲಿ. ಬಾಯಿಯೂ ಮೈಯೂ ಒಟ್ಟಿಗೆ ಹುಣ್ಣಾದಾಗ ನಿದಾನಕ್ಕೆ ನಿಧಾನ ಬೇಡ.